ಬಾವುಟವಿಲ್ಲದ ಗಂಟು

ಎರಡು ಯೆಮನ್‌ಗಳೂ ಒಂದೇ ದಿನ ನನ್ನ ಮೇಜಿಗೆ ಬಂದವು. ಬೆಳಿಗ್ಗೆ ಹತ್ತಕ್ಕೆ ದಕ್ಷಿಣದವರ ಆರ್ಡರ್, ಸಂಜೆ ಐದಕ್ಕೆ ಉತ್ತರದವರದ್ದು. ಎರಡಕ್ಕೂ ಬೇಕಾದ ಬಟ್ಟೆ ಒಂದೇ. ಕೆಂಪು, ಬಿಳಿ, ಕಪ್ಪು, ಮೂರು ಅಡ್ಡಪಟ್ಟೆ. ದಕ್ಷಿಣದವರಿಗೆ ಮಾತ್ರ ಒಂದು ಬದಿಗೆ ನೀಲಿ ತ್ರಿಕೋನ, ಅದರ ಮೇಲೊಂದು ಕೆಂಪು ನಕ್ಷತ್ರ ಹೆಚ್ಚು. ಅಂಗೈ ಅಗಲದ ಬಿಲ್ಲೆಗಳು, ತಲಾ ಇನ್ನೂರು. ಆರ್ಡರ್ ಚೀಟಿಗೆ ಬಟ್ಟೆಯ ಚೂರು ಪಿನ್ ಮಾಡುವಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ನಾಲ್ಕೇ ವರ್ಷದ ಹಿಂದೆ ಒಂದಾಗಿದ್ದ ದೇಶ ಮತ್ತೆ ಒಡೆದು ಹೊಡೆದಾಡುತ್ತಿತ್ತು. ಟಿವಿಯಲ್ಲಿ ದಿನಾ ಟ್ಯಾಂಕು, ಹೊಗೆ. ಇಲ್ಲಿ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅವರ ಜಗಳಕ್ಕೆ ಬಾವುಟ ಕತ್ತರಿಸಿಕೊಡುವವನು ತಲಪಾಡಿಯ ಆಚೆಯ ಸೇಸಪ್ಪ, ಅಂದರೆ ನಾನು.

ಅದು ತೊಂಬತ್ತನಾಲ್ಕನೇ ಇಸವಿಯ ಮೇ ಕೊನೆ. ನಮ್ಮದು ಯೂನಿಫಾರ್ಮ್ ಹೊಲಿಯುವ ಅಂಗಡಿ. ಶಾಲೆ ಮಕ್ಕಳದ್ದು, ಆಸ್ಪತ್ರೆಯವರದ್ದು, ಹೋಟೆಲಿನ ಬಾಗಿಲಲ್ಲಿ ಸಲಾಂ ಹೊಡೆಯುತ್ತ ನಿಲ್ಲುವವರದ್ದು. ನಾನು ಕಟಿಂಗ್ ಮಾಸ್ಟರ್. ಮೇನೇಜರ್ ಆಸ್ವಾಲ್ಡ್ ಪಾಯ್ಸ್, ಮಂಗಳೂರಿನ ಕುಲಶೇಖರದ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ತನ್ನ ನೆರಳು ಕಂಡರೂ ಒಮ್ಮೆ ಎದ್ದು ನಿಲ್ಲುವ ಜಾತಿ. ಮೆಷಿನ್‌ಗಳ ಮೇಲೆ ಹೈದರಾಬಾದಿನ ನಾಲ್ವರು. ಇಸ್ತ್ರಿ ಮೇಜಿನಲ್ಲಿ ಮುಸೈದ್.

ಮುಸೈದ್ ಯೆಮನಿನವನು. ನನಗಿಂತ ನಾಲ್ಕು ವರ್ಷ ದೊಡ್ಡವನು, ಒಣಕಲು ಮೈ, ಮುಂದಿನ ಎರಡು ಹಲ್ಲಿಲ್ಲ. ಹನ್ನೆರಡು ವರ್ಷ ನಾವಿಬ್ಬರು ಮಧ್ಯಾಹ್ನ ಒಂದೇ ಪೇಪರ್ ಹಾಸಿ ಉಂಡವರು. ನನ್ನ ಮೀನು ಸಾರಿಗೆ ಅವನ ರೊಟ್ಟಿ. ಅವನ ಬಾಯಿಗೆ ‘ಪ’ ಹತ್ತುವುದಿಲ್ಲವಾದ್ದರಿಂದ ನಾನು ‘ಸೇಸಬ್ಬ’. ನಾವು ಆಡುತ್ತಿದ್ದದ್ದು ಅರ್ಧ ಹಿಂದಿ, ಕಾಲು ಅರಬಿ, ಉಳಿದದ್ದು ಕೈಸನ್ನೆ. ಅದನ್ನು ಹಾಗೇ ಬರೆದರೆ ನಿಮಗೂ ಅರ್ಥವಾಗದು, ನಮ್ಮಿಬ್ಬರ ಮರ್ಯಾದೆಯೂ ಹೋಗುತ್ತದೆ. ಹಾಗಾಗಿ ಅವನ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ.

ಆ ಬಿಲ್ಲೆಗಳು ಗಂಟಿಗೆ ಹಚ್ಚುವುದಕ್ಕೆ. ಬಂದರಿನ ಬದಿಯ ಅಲ್ ಮೀನಾದಲ್ಲಿ, ಕಾರ್ಪೆಟ್ ಮಾರ್ಕೆಟಿನ ಹಿಂದೆ, ತಿಂಗಳಿಗೆರಡು ಸಲ ಯೆಮನಿಗೆ ಹೋಗುವ ಲಾರಿಗಳು ನಿಲ್ಲುತ್ತಿದ್ದವು. ಇಲ್ಲಿ ದುಡಿಯುವ ಯೆಮನಿಗಳು ಮನೆಗೆ ಕಳಿಸುವ ಸಾಮಾನನ್ನೆಲ್ಲ ಬಿಳಿ ಬಟ್ಟೆಯಲ್ಲಿ ಕಟ್ಟಿ, ನಾಲ್ಕೂ ಬದಿ ಹೊಲಿದು, ಮೇಲೆ ಊರು ಮತ್ತು ಹೆಸರು ಬರೆದು ಲಾರಿಗೆ ಕೊಡುತ್ತಿದ್ದರು. ಮೊದಲು ಒಂದೇ ಲಾರಿ ಎಲ್ಲ ಕಡೆಗೂ ಹೋಗುತ್ತಿತ್ತು. ಯುದ್ಧ ಶುರುವಾದ ಮೇಲೆ ಎರಡಾದವು. ಒಮಾನ್ ದಾಟಿ ದಕ್ಷಿಣಕ್ಕೆ ಹೋಗುವ ಲಾರಿಗೆ ಯಜಮಾನ ಸಾಲಿಮ್, ಸೌದಿ ದಾಟಿ ಉತ್ತರಕ್ಕೆ ಹೋಗುವ ಲಾರಿಗೆ ಮುಕ್ಬಿಲ್. ದಾರಿಯಲ್ಲಿ ತಮ್ಮ ಸೈನಿಕರು ಬಿಡಬೇಕಾದರೆ ಪ್ರತಿ ಗಂಟಿಗೂ ತಮ್ಮ ಬಾವುಟದ ಬಿಲ್ಲೆ ಇರಬೇಕು ಎಂದು ಇಬ್ಬರೂ ನಿಯಮ ಮಾಡಿದರು. ಬಿಲ್ಲೆ ಬೇಕಾದವನು ಅವರ ಪುಸ್ತಕದಲ್ಲಿ ತಾನು ಈ ಕಡೆಯವನು ಎಂದು ಸಹಿ ಹಾಕಬೇಕು. ಶುಕ್ರವಾರದ ನಮಾಜಿನ ನಂತರ ಆ ಪುಸ್ತಕವನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು.

ಮುಸೈದ್ ಆ ನಾನೂರು ಬಿಲ್ಲೆಗಳನ್ನೂ ಇಸ್ತ್ರಿ ಮಾಡಿದ. ಕೊನೆಯದನ್ನು ಮುಗಿಸಿ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ನನ್ನನ್ನು ಕೇಳಿದ:

“ಸೇಸಬ್ಬಾ, ಇದರಲ್ಲಿ ನನ್ನ ಮಗಳ ಗಂಟಿಗೆ ಯಾವುದು?”

ಅವನ ಕತೆ ನನಗೆ ಗೊತ್ತಿತ್ತು. ಹಳೆಯ ಗಡಿ ಅವನ ಊರಿನ ಕೆಳಗೆ, ಜೋಳದ ಹೊಲಗಳ ನಡುವೆ ಹಾದುಹೋಗುತ್ತಿತ್ತು. ಮೇಲಿನ ಊರು ಉತ್ತರಕ್ಕೆ ಸೇರಿದ್ದು, ಕೆಳಗಿನ ಊರು ದಕ್ಷಿಣಕ್ಕೆ. ನಡೆದರೆ ಒಂದು ಗಂಟೆಯ ದಾರಿ. ತೊಂಬತ್ತರಲ್ಲಿ ದೇಶ ಒಂದಾಗಿ ನಡುವಿನ ಗೇಟು ಕಿತ್ತಾಗ, ಗಡಿ ಖಲಾಸ್ ಎಂದು ನಂಬಿ ಇವನು ಒಬ್ಬಳೇ ಮಗಳು ಜಮೀಲಳನ್ನು ಕೆಳಗಿನ ಊರಿಗೆ ಕೊಟ್ಟ. ಹೆಂಡತಿ ಮೇಲಿನ ಊರಿನಲ್ಲೇ ಇದ್ದಳು. ಜಮೀಲಳಿಗೆ ಚಿಕ್ಕಂದಿನಿಂದ ಫಿಟ್ಸ್. ಒಮ್ಮೆ ಒಲೆಯ ಮೇಲೇ ಬಿದ್ದು ಕೈ ಸುಟ್ಟುಕೊಂಡಿದ್ದಳಂತೆ. ಇಲ್ಲಿಯ ಡಾಕ್ಟರರ ಚೀಟಿ ಹಿಡಿದು ಮುಸೈದ್ ಮೂರು ತಿಂಗಳಿಗೊಮ್ಮೆ ಮಾತ್ರೆ ಕೊಂಡು ಗಂಟಿನಲ್ಲಿ ಕಳಿಸುತ್ತಿದ್ದ. ಆರು ವರ್ಷ ಒಂದು ದಿನ ತಪ್ಪಿರಲಿಲ್ಲ, ಆರು ವರ್ಷ ಅವಳಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಈಗ ಅವಳು ಬಸುರಿ, ಚೊಚ್ಚಲು. ಮನೆಯಲ್ಲಿದ್ದ ಮಾತ್ರೆ ಜುಲೈ ಮೊದಲ ವಾರಕ್ಕೆ ಮುಗಿಯುತ್ತಿತ್ತು. ಅಲ್ಲಿ ಫೋನಿಲ್ಲ, ಔಷಧಿ ಅಂಗಡಿಗಳೆಲ್ಲ ಮುಚ್ಚಿದ್ದವು.

ಮೊದಲು ಅವನು ಸಾಲಿಮ್ ಹತ್ತಿರ ಹೋದ. “ನಿನ್ನ ಪಾಸ್‌ಪೋರ್ಟಿನಲ್ಲಿ ಮೇಲಿನ ಊರಿದೆ. ನೀನು ಅವರವನು. ನಮ್ಮವನಾಗುವುದಾದರೆ ಸಹಿ ಹಾಕು, ಗಂಟು ನಿನ್ನ ಮಗಳ ಬಾಗಿಲಿಗೆ ಹೋಗುತ್ತದೆ” ಎಂದ ಸಾಲಿಮ್. ಆಮೇಲೆ ಮುಕ್ಬಿಲ್ ಹತ್ತಿರ ಹೋದ. “ನಮ್ಮ ಲಾರಿ ಮೇಲಿನ ಊರಿನವರೆಗೆ ಮಾತ್ರ. ಮಗಳನ್ನು ಅವರಿಗೆ ಕೊಡುವಾಗ ನಮ್ಮನ್ನು ಕೇಳಿದ್ದೆಯಾ? ಮೊದಲು ಸಹಿ ಹಾಕು, ಆಮೇಲೆ ನೋಡೋಣ” ಎಂದ ಮುಕ್ಬಿಲ್. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಇಲ್ಲಿ ಕೂಸು ಇನ್ನೂ ಹುಟ್ಟಿಯೂ ಇರಲಿಲ್ಲ.

“ಯಾವುದಕ್ಕಾದರೂ ಒಂದು ಸಹಿ ಗೀಚಿ ಬಿಡು ಮಾರಾಯ” ಎಂದೆ ನಾನು. “ಸಹಿಯಿಂದ ನಿನ್ನ ಮೈಗೆ ಎಂತ ಆಗ್ತದೆ?”

“ನನ್ನ ಮೈಗೆ ಏನೂ ಆಗುವುದಿಲ್ಲ. ಸಾಲಿಮ್ ಪುಸ್ತಕಕ್ಕೆ ಸಹಿ ಹಾಕಿದರೆ ಮೇಲಿನ ಊರಿನಲ್ಲಿ ನನ್ನ ಹೆಂಡತಿಯನ್ನು ಬಾವಿಯ ಹತ್ತಿರ ಬಿಡುವುದಿಲ್ಲ. ಮುಕ್ಬಿಲ್ ಪುಸ್ತಕಕ್ಕೆ ಹಾಕಿದರೆ ಕೆಳಗಿನ ಊರಿನಲ್ಲಿ ನನ್ನ ಮಗಳ ಗತಿ ಏನು? ಲಾರಿಗಿಂತ ಸುದ್ದಿ ಬೇಗ ಹೋಗುತ್ತದೆ ಸೇಸಬ್ಬಾ. ಮಾಫಿ ಸಹಿ, ಸಹಿ ಇಲ್ಲ.”

ನನಗೆ ತಲೆ ಬಿಸಿಯಾಯಿತು. ನಿಜ ಹೇಳಬೇಕೆಂದರೆ, ಅವನ ಮೇಲಲ್ಲ. ಗಡಿಯವರನ್ನು ಕಂಡರೆ ಎರಡು ಕಡೆಯ ದೊಡ್ಡ ಮನುಷ್ಯರಿಗೂ ಇರುವ ಈ ಚಪಲವಿದೆಯಲ್ಲ, ‘ನೀನು ಯಾರ ಕಡೆ ಹೇಳು’ ಎನ್ನುವುದು, ಅದು ನನ್ನ ಬೆನ್ನಿಗೂ ಬಿದ್ದದ್ದು ಇವತ್ತು ನಿನ್ನೆಯಲ್ಲ.

ನನ್ನ ಊರು, ಈಗ ಕರ್ನಾಟಕ ಕೇರಳಗಳ ಗಡಿಯಾಗಿರುವ ತಲಪಾಡಿಯ ಗೇಟಿನಿಂದ ದಕ್ಷಿಣಕ್ಕೆ ನಾಲ್ಕು ಮೈಲಿ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಮೇಷ್ಟ್ರು ಬಂದು, “ಮಕ್ಕಳೇ, ಇವತ್ತಿನಿಂದ ನಾವು ಕೇರಳ” ಎಂದು ಕನ್ನಡದಲ್ಲಿ ಹೇಳಿ, ಕನ್ನಡದಲ್ಲೇ ಪಾಠ ಮುಂದುವರಿಸಿದರು. ನನ್ನ ಅಕ್ಕನ ಮನೆ ಗೇಟಿನ ಉತ್ತರಕ್ಕೆ, ತೊಕ್ಕೊಟ್ಟಿನಲ್ಲಿ; ಆ ದಿನದಿಂದ ಅವಳು ಬೇರೆ ರಾಜ್ಯದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೇಷನ್ ಕಾರ್ಡಿನಲ್ಲಿ ಮಲಯಾಳ. ಇದರಲ್ಲಿ ನನಗೆ ಕಷ್ಟವೇನೂ ಇರಲಿಲ್ಲ. ಕಷ್ಟವಿದ್ದದ್ದು ನನ್ನನ್ನು ಪಟ್ಟಿ ಮಾಡಬೇಕಾದವರಿಗೆ.

ಇಲ್ಲಿ ನಮ್ಮ ಕನ್ನಡದವರ ಒಂದು ಸಂಘವಿತ್ತು. ಪ್ರತಿ ನವೆಂಬರಿಗೂ ಅವರ ಕೆಂಪು ಹಳದಿ ಬಾವುಟ ಹೊಲಿದುಕೊಡುತ್ತಿದ್ದವನು ನಾನೇ. ಹಿಂದಿನ ವರ್ಷ ನಾಟಕದಲ್ಲಿ ಮಾಡಿದ ಮುದುಕನ ಪಾತ್ರಕ್ಕೆ ನನಗೆ ಮೊದಲ ಬಹುಮಾನ ಬಂತು. ಕೊಡುವ ಹೊತ್ತಿಗೆ ಯಾರೋ ಎದ್ದು, ಬಹುಮಾನ ಮೆಂಬರುಗಳಿಗೆ ಮಾತ್ರ, ಮೆಂಬರಾಗಲು ಪಾಸ್‌ಪೋರ್ಟಿನಲ್ಲಿ ಕರ್ನಾಟಕ ಇರಬೇಕು, ಇವರದ್ದರಲ್ಲಿ ಕೇರಳ ಇದೆಯಲ್ಲ ಎಂದರು. ಕಾರ್ಯದರ್ಶಿ ಚಾಮರಾಜ, ಮೈಸೂರಿನವನು, ಆಯಿಲ್ ಕಂಪನಿಯಲ್ಲಿ ಕೆಲಸ, ಪಾಪದ ಮನುಷ್ಯ. ಮರುದಿನ ನನ್ನ ಹೆಸರಿನ ಫಾರ್ಮ್ ತಾನೇ ತುಂಬಿಸಿ ತಂದ.

“ಊರು ಅನ್ನೋ ಕಡೆ ಮಂಗಳೂರು ಅಂತ ಹಾಕ್ಬಿಟ್ಟಿದೀನಿ ಸಾರ್. ಯಾರು ಬಂದು ನೋಡ್ತಾರೆ? ನಿಮಗೋಸ್ಕರ ಅಡ್ಜಸ್ಟ್ ಮಾಡಿದ್ದು, ಒಂದು ಸೈನ್ ಹಾಕಿ ಸಾಕು.”

ನಾನು ಆ ಫಾರ್ಮನ್ನು ಕತ್ತರಿಯಿಂದ ನೀಟಾಗಿ ಎರಡು ತುಂಡು ಮಾಡಿ ಅವನ ಕೈಗೇ ಕೊಟ್ಟೆ. “ನನ್ನನ್ನು ಕೇಳದೆ ನನಗೆ ಊರು ಹೊಲಿಯಲಿಕ್ಕೆ ನೀನು ಯಾರು?” ಎಂದೆ. ಪಾಪ, ಅವನ ಮುಖ ಸಣ್ಣದಾಯಿತು. ನನಗೆ ಎರಡು ದಿನ ಊಟ ಸೇರಲಿಲ್ಲ. ಅವನು ಕೆಟ್ಟದ್ದು ಬಯಸಿರಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ.

ಜೂನ್ ನಡುವಿಗೆ ಸಾಲಿಮ್‌ನ ಲಾರಿ ಹೊರಡುವುದಿತ್ತು. ಮುಸೈದ್ ಮಾತ್ರೆಗಳ ಪೊಟ್ಟಣವನ್ನು ಇಸ್ತ್ರಿ ಮೇಜಿನ ಕೆಳಗೆ ಇಟ್ಟುಕೊಂಡು ದಿನಾ ಒಮ್ಮೆ ಬಗ್ಗಿ ನೋಡುತ್ತಿದ್ದ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿರುತ್ತದೆ. ಅವನು ನಿದ್ದೆಗೆ ರೂಮಿಗೆ ಹೋದ ಒಂದು ಮಧ್ಯಾಹ್ನ ನಾನು ಆ ಪೊಟ್ಟಣದಿಂದ ಮಾತ್ರೆ ತೆಗೆದು, ತೂಕಕ್ಕೆ ಸರಿಯಾಗಿ ಬಟ್ಟೆಯ ಚೂರು ತುಂಬಿಸಿ ಹಾಗೇ ಇಟ್ಟೆ. ಮಾತ್ರೆಯನ್ನು ಮಗುವಿನ ಎರಡು ಅಂಗಿಗಳ ನಡುವೆ ಇಟ್ಟು, ಬಿಳಿ ಬಟ್ಟೆಯಲ್ಲಿ ಕಟ್ಟಿ, ಮೇಲೆ ಜಮೀಲಳ ಗಂಡನ ಹೆಸರು, ಕೆಳಗಿನ ಊರು ಬರೆಸಿದೆ. ಕಳಿಸುವವನ ಹೆಸರಿಗೆ ನಮ್ಮ ಅಳತೆ ಪುಸ್ತಕದಿಂದ ಊರಿಗೆ ಹೋಗಿಬಿಟ್ಟ ಒಬ್ಬ ದಕ್ಷಿಣದ ಗಿರಾಕಿಯ ಹೆಸರು ಹಾಕಿದೆ. ಉಳಿದಿದ್ದ ಸ್ಯಾಂಪಲ್ ಬಿಲ್ಲೆಯೊಂದನ್ನು, ನೀಲಿ ತ್ರಿಕೋನದ್ದು, ಮೂಲೆಗೆ ಹಚ್ಚಿದೆ. ಗುಂಪಿನಲ್ಲಿ ನೂಕಿ ಲಾರಿಗೆ ಕೊಟ್ಟು ಬಂದೆ. ಬರುವಾಗ ಮೀನು ಮಾರ್ಕೆಟಿನಲ್ಲಿ ಒಳ್ಳೆಯ ಅಂಜಲ್ ಸಿಕ್ಕಿತು. ಬಹಳ ದೊಡ್ಡ ಕೆಲಸ ಮಾಡಿದವನ ಹಾಗೆ ಸೀಟಿ ಹೊಡೆಯುತ್ತ ಬಂದೆ.

ಮರುದಿನ ಸಾಲಿಮ್ ಇಬ್ಬರನ್ನು ಕಟ್ಟಿಕೊಂಡು ಅಂಗಡಿಗೆ ನುಗ್ಗಿದ. ಗಂಟನ್ನು ನನ್ನ ಮೇಜಿನ ಮೇಲೆ ಎಸೆದ. ಚಾಕುವಿನಿಂದ ಸೀಳಿದ್ದರು. ಮಾತ್ರೆ, ಅಂಗಿ ಎಲ್ಲ ಹೊರಗೆ ಬಿದ್ದಿತ್ತು.

“ಇದು ಯಾರ ಹೊಲಿಗೆ?” ಎಂದ.

ನೋಡಿದ ಕೂಡಲೇ ನನಗೆ ತಿಳಿಯಿತು. ಅವರ ಗಂಡಸರು ಬಿಲ್ಲೆಗಳನ್ನು ಕೈಯಿಂದ, ಕೋಳಿ ಕೆದಕಿದ ಹಾಗೆ ಹೊಲಿದುಕೊಳ್ಳುತ್ತಿದ್ದರು. ನಾನು ಮಾತ್ರ ಮೆಷಿನ್‌ನಲ್ಲಿ ಅಂಚಿಗೆ ಅಂಚು ಕೂಡಿಸಿ, ಜಿಗ್‌ಜಾಗ್ ಹಾಕಿ, ಮೂಲೆಗಳಿಗೆ ಎರಡೆರಡು ಸಲ ಹೊಲಿಗೆ ಕೊಟ್ಟಿದ್ದೆ. ಇನ್ನೂರು ಸೊಟ್ಟ ಹೊಲಿಗೆಗಳ ನಡುವೆ ಒಂದು ನೆಟ್ಟನೆಯ ಹೊಲಿಗೆ. ಮೂವತ್ತು ವರ್ಷದ ಕಸುಬು ನನ್ನನ್ನು ಹಿಡಿದುಕೊಟ್ಟಿತ್ತು. ಕಳ್ಳ ಕೆಲಸ ಮಾಡುವಾಗಲಾದರೂ ಸ್ವಲ್ಪ ಸೊಟ್ಟ ಹೊಲಿಯಬೇಕು ಎನ್ನುವ ಬುದ್ಧಿ ನನಗೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ನನ್ನದು” ಎಂದೆ. “ಮುಸೈದನಿಗೆ ಗೊತ್ತಿಲ್ಲ.”

ಸಾಲಿಮ್ ಕೂಗಾಡಿದ. ನಮ್ಮ ಬಾವುಟವನ್ನು ಕಳ್ಳತನಕ್ಕೆ ಬಳಸಿದಿರಿ, ಈ ಉತ್ತರದವನನ್ನು ಕೆಲಸದಿಂದ ತೆಗೆಯಿರಿ, ಇಲ್ಲವಾದರೆ ನಮ್ಮವರು ಯಾರೂ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಆಸ್ವಾಲ್ಡರಿಗೆ ಹೇಳಿ ಹೋದ. ಆಸ್ವಾಲ್ಡ್ ಕುರ್ಚಿಯಲ್ಲಿ ಕುಸಿದು ಯೇಸುವನ್ನು ಕರೆದರು.

ಮುಸೈದ್ ಮಾತ್ರೆಯ ಹಾಳೆಗಳನ್ನು ಒಂದೊಂದಾಗಿ ಹೆಕ್ಕಿದ. ಆಮೇಲೆ ನನ್ನ ಎದುರು ಬಂದು ನಿಂತ. ಹನ್ನೆರಡು ವರ್ಷದಲ್ಲಿ ಅವನ ಮುಖವನ್ನು ಹಾಗೆ ನೋಡಿರಲಿಲ್ಲ.

“ನನ್ನನ್ನು ಯಾಕೆ ಕೇಳಲಿಲ್ಲ?”

“ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.”

“ಅದಕ್ಕೇ ಕೇಳಬೇಕಿತ್ತು! ಆ ಬಿಲ್ಲೆ ನನ್ನ ಮಗಳ ಬಾಗಿಲಿಗೆ ಹೋಗಿದ್ದರೆ ಇಡೀ ಊರು ಏನನ್ನುತ್ತಿತ್ತು? ಮುಸೈದ್ ನಮ್ಮ ಕಡೆ ಬಂದ ಅನ್ನುತ್ತಿತ್ತು. ಸಂಜೆಯೊಳಗೆ ಮೇಲಿನ ಊರಿಗೆ ಗೊತ್ತಾಗುತ್ತಿತ್ತು. ಇವರಿಬ್ಬರು ತಿಂಗಳಿನಿಂದ ನನಗೆ ಬಾವುಟ ಹಚ್ಚಲು ನೋಡುತ್ತಿದ್ದಾರೆ, ಆಗಲಿಲ್ಲ. ನೀನು ಒಂದು ಮಧ್ಯಾಹ್ನದಲ್ಲಿ ಹಚ್ಚಿಬಿಟ್ಟೆ. ನಾನು ಮಲಗಿದ್ದಾಗ!”

ಚಾಮರಾಜನ ಆ ಸಣ್ಣದಾದ ಮುಖ ನೆನಪಾಯಿತು. ನಾನೂ ಅಡ್ಜಸ್ಟ್ ಮಾಡಿದವನೇ. ನಾಚಿಕೆ ಅಂದರೆ ಏನೆಂದು ನಲವತ್ತೆಂಟನೇ ವಯಸ್ಸಿನಲ್ಲಿ ಸರಿಯಾಗಿ ತಿಳಿಯಿತು. “ತಪ್ಪಾಯಿತು” ಎಂದೆ. ಆ ಮಧ್ಯಾಹ್ನ ಅವನು ಬೇರೆ ಪೇಪರ್ ಹಾಸಿಕೊಂಡ.

ಎರಡು ದಿನ ಹೀಗೇ ಹೋಯಿತು. ಮೂರನೆಯ ಬೆಳಿಗ್ಗೆ ಮುಸೈದ್ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕದೆ ನೇರ ಆಸ್ವಾಲ್ಡರ ಮೇಜಿಗೆ ಹೋದ.

“ಗಂಟು ನಾನೇ ಒಯ್ಯುತ್ತೇನೆ. ಗುರುವಾರ ಮುಕ್ಬಿಲ್‌ನ ಲಾರಿಯಲ್ಲಿ ನನ್ನ ಮನೆಗೆ. ಅಲ್ಲಿಂದ ಮಗಳ ಮನೆಗೆ ನಡೆದು. ನನ್ನ ಪಾಸ್‌ಪೋರ್ಟ್ ಕೊಡಿ.”

ನಮ್ಮೆಲ್ಲರ ಪಾಸ್‌ಪೋರ್ಟ್ ಆಸ್ವಾಲ್ಡರ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಆಗ ಹೆಚ್ಚಿನ ಅಂಗಡಿಗಳಲ್ಲಿ ಅದೇ ಪದ್ಧತಿ. ಕಪಾಟಿನ ಕೀಲಿ ಅವರ ಕೊರಳಿನ ಶಿಲುಬೆಯ ಜೊತೆಗೇ ನೇತಾಡುತ್ತಿತ್ತು.

“ಎಂತ ಹುಚ್ಚು ಇದು? ಅಲ್ಲಿ ಬಾಂಬ್ ಬೀಳ್ತಾ ಉಂಟು” ಎಂದರು ಆಸ್ವಾಲ್ಡ್, ಅವನಿಗೆ ಅರ್ಥವಾಗದಿದ್ದರೂ ಕನ್ನಡದಲ್ಲೇ. ಆಮೇಲೆ ನನ್ನತ್ತ ತಿರುಗಿದರು. “ಸೇಸಪ್ಪಣ್ಣ, ಹೇಳಿ ಇವನಿಗೆ. ಶಾಲೆಯವರ ಆರುನೂರು ಪಿನಾಫೋರ್ ಬಾಕಿ ಉಂಟು. ವೀಸಾ ಕೊಟ್ಟ ಸ್ಪಾನ್ಸರ್ ಊರಲ್ಲಿಲ್ಲ. ಲೀವ್ ಕೊಡ್ಲಿಕ್ಕೆ ಆಗುದಿಲ್ಲ. ಹೋಗಿಯೇ ಹೋಗ್ತಾನೆ ಅಂದ್ರೆ ವೀಸಾ ಕ್ಯಾನ್ಸಲ್, ತಿರುಗಿ ಬರ್ಲಿಕ್ಕಿಲ್ಲ.”

ಹೇಳಿದೆ. ಮುಸೈದ್ ತಲೆಯಾಡಿಸಿದ. “ಕ್ಯಾನ್ಸಲ್ ಮಾಡಿ. ಪಾಸ್‌ಪೋರ್ಟ್ ಕೊಡಿ.”

“ಬರುವ ತಿಂಗಳು ನೋಡುವ” ಎಂದರು ಆಸ್ವಾಲ್ಡ್.

ಬರುವ ತಿಂಗಳು ಎಂಬ ಮಾತು ಕೇಳಿ ನನ್ನ ನೆತ್ತಿಗೆ ಏರಿತು. ಮುಂದೆ ನೀಲಿ ಬಟ್ಟೆ ಇಪ್ಪತ್ತು ಮಡಿಕೆ ಹಾಸಿತ್ತು, ಸೀಮೆಸುಣ್ಣದ ಗೆರೆ ಎಳೆದಾಗಿತ್ತು. ನಾನು ಕತ್ತರಿಯನ್ನು ಆ ಬಟ್ಟೆಯ ಮೇಲೆ ಅಡ್ಡವಾಗಿ ಇಟ್ಟು ಕೈ ಕಟ್ಟಿಕೊಂಡೆ. ನಮ್ಮ ಕಸುಬಿನಲ್ಲಿ ಮಾಸ್ಟರ್ ಕತ್ತರಿ ಅಡ್ಡ ಇಟ್ಟರೆ ಅಂಗಡಿ ನಿಂತಿತು ಎಂದೇ ಅರ್ಥ. ಹೈದರಾಬಾದಿನವರು ಒಬ್ಬೊಬ್ಬರಾಗಿ ಮೆಷಿನ್‌ನಿಂದ ಕಾಲು ತೆಗೆದರು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಅಂಗಡಿಯಲ್ಲಿ ಏಸಿಯ ಸದ್ದು ಕೇಳಿಸಿತು.

“ಎಂತ ಮಾಡ್ತಾ ಇದ್ದೀರಿ ನೀವು? ಇದು ಅಬುಧಾಬಿ. ಇಲ್ಲಿ ಸ್ಟ್ರೈಕ್ ಗೀಕ್ ಎಲ್ಲ ನಡೀಲಿಕ್ಕಿಲ್ಲ” ಎಂದರು ಆಸ್ವಾಲ್ಡ್. “ನಿಮ್ಮದೂ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ಬೇಕಾದೀತು.”

“ಕಳಿಸಿ” ಎಂದೆ. “ಯಾವ ಊರಿಗೆ ಅಂತ ಮಾತ್ರ ನೀವೇ ತೀರ್ಮಾನ ಮಾಡಿ. ಇಲ್ಲಿಯ ಕನ್ನಡದವರು ನನ್ನನ್ನು ಕೇರಳದವ ಅಂತಾರೆ, ಕೇರಳದವರು ಕನ್ನಡದವ ಅಂತಾರೆ. ವಿಮಾನ ಎಲ್ಲಿ ಇಳಿಸ್ತೀರಿ, ತಲಪಾಡಿ ಗೇಟಿನ ಕೋಲಿನ ಮೇಲೆಯಾ? ಆಸ್ವಾಲ್ಡರೇ, ಅವನು ಕೇಳಿದ್ದು ಅವನ ಪಾಸ್‌ಪೋರ್ಟು. ನಿಮ್ಮದಲ್ಲ, ನನ್ನದಲ್ಲ. ಕೊಡಿ. ಕೊಟ್ಟ ನಿಮಿಷಕ್ಕೆ ಕತ್ತರಿ ಹಿಡೀತೇನೆ. ಇಸ್ತ್ರಿ ಸಹ ನಾನೇ ಮಾಡ್ತೇನೆ. ಆರುನೂರಲ್ಲಿ ಒಂದು ತಪ್ಪಿದ್ರೆ ನನ್ನನ್ನು ಕೇಳಿ. ಕೊಡದಿದ್ರೆ ಈ ಬಟ್ಟೆ ಹೀಗೇ ಇರ್ತದೆ.”

ಆಸ್ವಾಲ್ಡ್ ಆ ಕತ್ತರಿಯನ್ನು ನೋಡಿದರು. ಆಮೇಲೆ ಕೊರಳಿನಿಂದ ಕೀಲಿ ತೆಗೆದರು. ಶಿಲುಬೆಗೆ ಸಿಕ್ಕಿಕೊಂಡು ಬರಲಿಲ್ಲ, ಎಳೆದು ಬಿಡಿಸಿದರು. ಮಾರನೆಯ ದಿನ ಒಂದು ಪೊಟ್ಟಣವನ್ನೂ ತಂದು ಮುಸೈದನ ಮೇಜಿನ ಮೇಲಿಟ್ಟರು. “ರೊಸಲಿನ್ ಕಳಿಸಿದ್ದು. ಅವಳ ಆಸ್ಪತ್ರೆಯ ಡಾಕ್ಟರರ ಹತ್ತಿರ ಚೀಟಿ ಬರೆಸಿ, ಇನ್ನೂ ಮೂರು ತಿಂಗಳದ್ದು” ಎಂದರು. ರೊಸಲಿನ್ ಅವರ ಹೆಂಡತಿ, ನರ್ಸ್. ಹೆದರಿಕೆಯವರು ಎಂದು ನಾನು ಅವರನ್ನು ಎಷ್ಟು ಆಡಿಕೊಂಡಿದ್ದೇನೋ, ಆ ದಿನ ಅಷ್ಟನ್ನೂ ನುಂಗಿಕೊಂಡೆ.

ಬುಧವಾರ ಮಧ್ಯಾಹ್ನ ಮುಸೈದ್ ನನ್ನ ಪೇಪರಿಗೆ ತಿರುಗಿ ಬಂದು ಕೂತ. ಊಟ ಮುಗಿಸಿ ಬಿಳಿ ಬಟ್ಟೆಯ ತುಂಡೊಂದನ್ನು ನನ್ನ ಮುಂದೆ ಇಟ್ಟ. “ಹೊಲಿದುಕೊಡು. ಮೇಲೆ ಏನೂ ಬೇಡ” ಎಂದ. ಹೊಲಿದೆ. ಹೆಸರಿಲ್ಲ, ಊರಿಲ್ಲ, ಬಣ್ಣವಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ಹೊಲಿಗೆ ಹಾಕಿರಲಿಲ್ಲ.

ಗುರುವಾರ ನಾಲ್ಕು ಗಂಟೆಗೆ ಅಲ್ ಮೀನಾದಲ್ಲಿ ಕಾಲಿಡಲಾಗದಷ್ಟು ಬಿಸಿಲು. ಲಾರಿ ತುಂಬ ಹಾಸಿಗೆ, ಹಾಲುಪುಡಿಯ ಡಬ್ಬ, ಗಂಟುಗಳು, ಎಲ್ಲದರ ಮೇಲೂ ನಾನೇ ಕತ್ತರಿಸಿದ ಮೂರು ಪಟ್ಟೆ. ಮುಕ್ಬಿಲ್ ಪುಸ್ತಕ ಹಿಡಿದು ನಿಂತಿದ್ದ. ಅವರಲ್ಲಿ ಒಂದು ಕಟ್ಟಳೆಯುಂಟು: ಸ್ವಂತ ಮನೆಗೆ ಹೊರಟವನಿಗೆ ಜಾಗವಿಲ್ಲ ಅನ್ನಬಾರದು. ಅಂದವನ ಮನೆಯಲ್ಲಿ ನೆಂಟರು ನೀರು ಕುಡಿಯುವುದಿಲ್ಲ. ಮುಸೈದ್ ನಂಬಿದ್ದು ಅದನ್ನೇ. ಸೌದಿ ದಾಟಲು, ಲಾರಿಯ ಎರಡನೇ ಡ್ರೈವರ್ ಎಂದು ಅವನಿಗೆ ಕಾಗದವೂ ಆಗಿತ್ತು. ಗಂಟನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟ.

ಮುಕ್ಬಿಲ್ ಅಡ್ಡ ಬಂದ. “ನೀನು ಹೋಗು, ತಡೆಯುವುದಿಲ್ಲ. ಗಂಟಿಗೆ ಬಿಲ್ಲೆ ಬೇಕು” ಎಂದು ಜೇಬಿನಿಂದ ಒಂದು ಬಿಲ್ಲೆ ತೆಗೆದು ನನ್ನ ಕಡೆ ಚಾಚಿದ. “ನೀನು ಟೈಲರ್ ಅಲ್ಲವಾ? ಹೊಲಿ.”

ಸೂಜಿ ದಾರ ನನ್ನ ಕಾಲರಿನಲ್ಲೇ ಇತ್ತು, ಯಾವಾಗಲೂ ಇರುತ್ತದೆ. ನಾನು ಕೈ ಚಾಚಲಿಲ್ಲ. “ಇವನು ಹೇಳಿದರೆ ಹೊಲಿಯುತ್ತೇನೆ” ಎಂದೆ. “ಒಮ್ಮೆ ಕೇಳದೆ ಹೊಲಿದಿದ್ದೇನೆ. ಇನ್ನು ನಿನ್ನ ಅಪ್ಪ ಹೇಳಿದರೂ ಹೊಲಿಯುವುದಿಲ್ಲ.”

ಮುಸೈದ್ ನನ್ನನ್ನು ನೋಡಿ, ಇಲ್ಲದ ಎರಡು ಹಲ್ಲು ತೋರಿಸಿ ನಕ್ಕ. ಆಮೇಲೆ ಮುಕ್ಬಿಲ್‌ಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆ ಅರಬಿ ನನಗೆ ಪೂರ್ತಿ ತಿಳಿಯಿತು, ಸಣ್ಣ ಸಣ್ಣ ಮಾತುಗಳು.

“ಇದು ನನ್ನ ತೊಡೆಯ ಮೇಲೆ ಕೂರುತ್ತದೆ. ನನ್ನ ತೊಡೆಗೆ ಬಾವುಟವಿಲ್ಲ. ನಿನ್ನ ಸೈನಿಕರು ತಡೆದು ಯಾರು ಎಂದರೆ ಜಮೀಲಳ ಅಪ್ಪ ಅನ್ನುತ್ತೇನೆ. ಸಾಲಿಮ್‌ನ ಸೈನಿಕರು ತಡೆದರೂ ಅದನ್ನೇ ಅನ್ನುತ್ತೇನೆ.”

“ಗುಂಡು ಹೊಡೆದರೆ?”

“ಪುಸ್ತಕ ಇದೆಯಲ್ಲ ನಿನ್ನ ಕೈಯಲ್ಲಿ. ಜಮೀಲಳ ಅಪ್ಪನಿಗೆ ಹೊಡೆದರು ಅಂತ ಬರೆದುಕೋ. ಶುಕ್ರವಾರ ಗಟ್ಟಿಯಾಗಿ ಓದು.”

ಮುಕ್ಬಿಲ್ ನೆಲಕ್ಕೆ ಉಗಿದ. ಆದರೆ ಸರಿದು ನಿಂತ. ಹಿಂದಿನಿಂದ ಒಬ್ಬ ಮುದುಕ ‘ಯಲ್ಲಾ, ಯಲ್ಲಾ’ ಎಂದು ಡ್ರೈವರನನ್ನು ಗದರಿದ. ಲಾರಿ ಹೊರಟಿತು. ನಾನು ಮೀನು ಮಾರ್ಕೆಟಿನ ಗೋಡೆಯ ನೆರಳಿಗೆ ಬಂದು, ಯಾರೂ ಇಲ್ಲವೆಂದು ನೋಡಿ, ಚೆನ್ನಾಗಿ ಅತ್ತುಬಿಟ್ಟೆ.

ಜುಲೈ ಮೊದಲ ವಾರ ಕಳೆದ ಕೂಡಲೇ ಯುದ್ಧ ಮುಗಿಯಿತು. ಉತ್ತರದವರು ಗೆದ್ದರು. ಸಾಲಿಮ್‌ನ ಲಾರಿ ಮತ್ತೆ ಕಾಣಲಿಲ್ಲ. ನಾನು ಆರುನೂರು ಪಿನಾಫೋರ್ ಕತ್ತರಿಸಿದೆ, ಇಸ್ತ್ರಿ ಮಾಡಿದೆ, ಕೈ ಎರಡು ಕಡೆ ಸುಟ್ಟುಕೊಂಡೆ. ಮುಸೈದನ ಸುದ್ದಿ ಇಲ್ಲ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಪೇಪರ್ ಹಾಸುವಾಗ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಹಾಸುತ್ತಿದ್ದೆ. ಊಟಕ್ಕೆ ಕೂತರೆ ಆ ಮೇಲಿನ ಊರು ಕೆಳಗಿನ ಊರಿನ ನಡುವಿನ ಜೋಳದ ಹೊಲವೇ ಕಣ್ಣಿಗೆ ಕಟ್ಟುತ್ತಿತ್ತು. ನಾನು ನೋಡಿದ ಹೊಲವೇನೂ ಅಲ್ಲ.

ಅಕ್ಟೋಬರಿನಲ್ಲಿ ಚಾಮರಾಜ ನವೆಂಬರಿನ ಬಾವುಟಕ್ಕೆ ಬಂದ. ಈ ಸಲ ತಂದದ್ದು ಖಾಲಿ ಫಾರ್ಮ್. “ನೀವೇ ಬರೀರಿ ಸಾರ್” ಎಂದ. ನಾನು ಮೊದಲು ಅವನ ಹತ್ತಿರ ಹಿಂದಿನ ವರ್ಷದ ಮಾತಿಗೆ ಕ್ಷಮೆ ಕೇಳಿದೆ. ಆಮೇಲೆ ಬರೆದೆ: ನನ್ನ ಊರಿನ ಹೆಸರು, ಇದ್ದ ಹಾಗೇ. ರಾಜ್ಯ ಕೇರಳ. ಮನೆಮಾತು ತುಳು, ಓದಿದ್ದು ಕನ್ನಡ. ಚಾಮರಾಜ ತಲೆ ಕೆರೆದುಕೊಂಡ. “ಕಮಿಟಿಗೆ ಏನು ಹೇಳ್ಲಿ ಸಾರ್?” “ಓದಿ ಹೇಳಿ” ಎಂದೆ. ಕಮಿಟಿ ಏನು ಮಾಡಿತೋ, ಅದು ಅವರ ತಲೆನೋವು.

ಅದೇ ವಾರ ಮುಕ್ಬಿಲ್‌ನ ಲಾರಿಯ ಮನುಷ್ಯನೊಬ್ಬ ಅಂಗಡಿಗೆ ಬಂದು ಒಂದು ಪುಟ್ಟ ಗಂಟು ಕೊಟ್ಟ. ನನ್ನದೇ ಬಿಳಿ ಬಟ್ಟೆ, ಈಗ ಮಣ್ಣಿನ ಬಣ್ಣ. ಮೇಲೆ ಏನೂ ಇಲ್ಲ. ಯಾರೋ ಹೆಂಗಸು ಕೈಯಲ್ಲಿ ಹೊಲಿದಿದ್ದಳು. ಆಸ್ವಾಲ್ಡ್ ಕತ್ತರಿ ಹಿಡಿದು ಬಿಚ್ಚಿದರು. ಒಳಗೆ ಮೊದಲ ಮೂರು ತಿಂಗಳ ಮಾತ್ರೆಯ ಹಾಳೆಗಳು, ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದವು. ಎಲ್ಲ ಖಾಲಿ. ಒಂದು ಗುಳಿಯಲ್ಲೂ ಮಾತ್ರೆ ಉಳಿದಿರಲಿಲ್ಲ. ಅದರ ಕೆಳಗೆ ಒಂದು ಉದ್ದದ ಬಿಳಿ ದಾರ, ನಡುನಡುವೆ ಗಂಟು ಹಾಕಿದ್ದು. ಕಾಗದವಿಲ್ಲ.

“ಇದೆಂತ ದಾರ?” ಎಂದರು ಆಸ್ವಾಲ್ಡ್.

ಟೇಪು ಇಲ್ಲದ ಊರುಗಳಲ್ಲಿ ಅಳತೆ ತೆಗೆಯುವುದು ಹೀಗೆ. ನಮ್ಮ ಅಜ್ಜಿಯೂ ಹೀಗೇ ದಾರಕ್ಕೆ ಗಂಟು ಹಾಕಿ ದರ್ಜಿಗೆ ಕಳಿಸುತ್ತಿದ್ದರು. ಮೊದಲ ಗಂಟಿನವರೆಗೆ ಭುಜ, ಎರಡನೆಯದರವರೆಗೆ ತೋಳು, ಆಮೇಲೆ ಉದ್ದ, ಕೊನೆಗೆ ಎದೆಯ ಸುತ್ತಳತೆ. ನಾನು ದಾರವನ್ನು ಮೇಜಿನ ಮೇಲಿನ ಇಂಚುಪಟ್ಟಿಗೆ ಹಿಡಿದು ನೋಡಿದೆ. ಎದೆ ಹದಿನಾರು ಇಂಚು. ಎರಡು ತಿಂಗಳ ಮಗು.

“ಗಂಡೋ ಹೆಣ್ಣೋ?” ಎಂದು ಲಾರಿಯವನನ್ನು ಕೇಳಿದೆ.

“ಹೆಣ್ಣು. ಮುಸೈದ್ ದಿನಾ ಬೆಳಿಗ್ಗೆ ಕೆಳಗಿನ ಊರಿಗೆ ನಡೆದು ಹೋಗುತ್ತಾನೆ, ಸಂಜೆ ಮೇಲಿನ ಊರಿಗೆ ತಿರುಗಿ ಬರುತ್ತಾನೆ. ಎರಡು ಕಡೆಯವರೂ ಅವನಿಗೆ ಬೈಯುತ್ತಾರೆ” ಎಂದ ಅವನು.

ಆ ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಎರಡು ಅಂಗಿ ಹೊಲಿದೆ. ಮಗು ಬೆಳೆದ ಮೇಲೆ ಬಿಚ್ಚಿ ದೊಡ್ಡದು ಮಾಡಲಿ ಎಂದು ಒಳಗೆ ಎರಡೆರಡು ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟೆ. ರೊಸಲಿನ್ ಮತ್ತೆ ಮೂರು ತಿಂಗಳ ಮಾತ್ರೆ ಕಳಿಸಿದ್ದರು. ಎಲ್ಲ ಸೇರಿಸಿ ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೊಲಿದು, ಅಲ್ ಮೀನಾಕ್ಕೆ ಒಯ್ದೆ.

ಮುಕ್ಬಿಲ್ ಅದೇ ಜಾಗದಲ್ಲಿ, ಅದೇ ಪುಸ್ತಕ ಹಿಡಿದು ನಿಂತಿದ್ದ. ಗೆದ್ದವನ ಠೀವಿ ಬಂದಿತ್ತು. ಗಂಟನ್ನು ತಿರುಗಿಸಿ ನೋಡಿ ನಕ್ಕ. “ಟೈಲರ್, ಈಗ ದೇಶ ಒಂದೇ, ಬಾವುಟ ಒಂದೇ. ಈಗಲಾದರೂ ಹಚ್ಚು.”

“ಇಲ್ಲ” ಎಂದೆ.

ಅವನ ನಗು ನಿಂತಿತು. ಪುಸ್ತಕ ಬಿಚ್ಚಿ ಪೆನ್ನು ತೆಗೆದ. “ಬರೆಯದೆ ಲಾರಿ ಹತ್ತಿಸುವುದಿಲ್ಲ. ಹೇಳು, ಇದು ಯಾವ ಕಡೆಯವರದ್ದು?”

“ಎದೆ ಹದಿನಾರು ಇಂಚಿನವಳದ್ದು” ಎಂದೆ. “ಅಷ್ಟೇ ಬರೆದುಕೋ.”